ಬೆನಕಪ್ಪನ ಸೋರೆ ಬುರುಡೆ

ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ನನ್ನ ಗೆಳೆಯ ಬೆನಕಪ್ಪನಿಗೆ ನೀರೆಂದರೆ ಆಗದು. ಬಾವಿಗೆ ಬಗ್ಗಿ ನೋಡಿದರೂ ತಲೆ ತಿರುಗುತ್ತಿತ್ತು. ಆದರೆ ಯಾರೇ ಕರೆಯಲಿ, ಮದುವೆಗೋ ಮಣ್ಣಿಗೋ, ಬರುವುದಿಲ್ಲ ಎಂದವನಲ್ಲ. ಅಂಥವನನ್ನು ೧೯೭೯ರ ನವೆಂಬರಿನಲ್ಲಿ ಮೂರು ದಿನದ ತೆಪ್ಪದ ತಿರುಗಾಟಕ್ಕೆ ಹೊರಡಿಸಿದ ಪುಣ್ಯಾತ್ಮ ನಾನು. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದ ಓಬಳಪ್ಪ ತೆಪ್ಪ ತರುತ್ತೇನೆಂದಿದ್ದ. ಹಿನ್ನೀರಿನ ಬಂಡೆಗಳ ದಡ ಹಿಡಿದು ಹೋಗಿ, ಅಲ್ಲಲ್ಲಿ ತಂಗಿ ಬರುವುದು ಎಂದು ಮಾತಾಯಿತು. ಬೆನಕಪ್ಪ ಮಂಡಿಯ ಕೆಲಸದ ನೆಪ ಹೇಳಿದ. ಹಾಗಾದರೆ ಹೆಂಡತಿಯ ಸೆರಗು ಹಿಡಿದುಕೊಂಡೇ ಕೂತಿರು ಎಂದು ಗುರುಶಾಂತಮ್ಮನ ಎದುರಿಗೇ ಛೇಡಿಸಿದೆ. ಸುಮ್ಮನೆ ಒಪ್ಪಿಕೊಂಡ.

ಬರುವಾಗ ಅವನ ಕಂಕುಳಲ್ಲಿ ಒಣಗಿದ ಸೋರೆ ಬುರುಡೆ ಇತ್ತು, ಬಾವಿಯಲ್ಲಿ ಈಜು ಕಲಿಯುವವರು ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು. ಓಬಳಪ್ಪ, ನಾನು ಇಬ್ಬರೂ ನಕ್ಕೆವು. ಅವನೋ ತೆಪ್ಪದಲ್ಲಿ ಕೂತವನೇ ಕೊರಳಿನ ಇಷ್ಟಲಿಂಗವನ್ನು ಅದರ ಕರಡಿಗೆ ಸಮೇತ ತೆಗೆದು, ಬಟ್ಟೆ ಸುತ್ತಿ, ಬುರುಡೆಯ ಕತ್ತಿಗೆ ಬಿಗಿದು ಮಡಿಲಲ್ಲಿಟ್ಟುಕೊಂಡ. ನಾನೂ ಲಿಂಗ ಕಟ್ಟಿದವನೇ. ಮೈಯಿಂದ ಬೇರೆ ಮಾಡಬಾರದು ಎಂದು ಗದರಿದೆ. ಕೇಳಲಿಲ್ಲ.

ಮೊದಲ ದಿನ ಸಲೀಸಾಗಿ ಕಳೆಯಿತು. ಎರಡನೆಯ ದಿನ ಬೆಳಗ್ಗೆ, ಮುಂದಿನ ದಡದಲ್ಲಿ ಪೂಜೆ ಮಾಡಿಕೊಂಡರಾಯಿತು ಎಂದು ಬೇಗ ಹೊರಟೆವು. ಗಾಳಿ ಎದ್ದಿತು. ಅಲೆ ತೆಪ್ಪವನ್ನು ಬಂಡೆಗೆ ಬಡಿಯಿತು. ಬೆನಕಪ್ಪ ಹೆದರಿ ಎರಡೂ ಕೈಯಿಂದ ಅಂಚು ಹಿಡಿದುಕೊಂಡ. ಬುರುಡೆ ಉರುಳಿ ನೀರಿಗೆ ಬಿತ್ತು. ಓಬಳಪ್ಪ ಹುಟ್ಟು ಚಾಚುವಷ್ಟರಲ್ಲಿ ಅಲೆಗಳ ನಡುವೆ ಕಾಣದಾಯಿತು.

ಲಿಂಗಪೂಜೆಯಾಗದೆ ಅವನು ಹನಿ ನೀರೂ ಮುಟ್ಟುವವನಲ್ಲ. ಸಿಗದೇ ಹೋದರೆ ಜೀವಕ್ಕೇನು ಮಾಡಿಕೊಳ್ಳುತ್ತಾನೋ ಎಂದು ನನಗೆ ದಿಗಿಲಾಯಿತು. ಇಡೀ ದಿನ ಬಂಡೆ ಬಂಡೆಗೂ ತೆಪ್ಪ ತಾಗಿಸಿ ಹುಡುಕಿದೆವು. ಅವನ ಕೈ ಮತ್ತೆ ಮತ್ತೆ ಬರಿದಾದ ಎದೆಗೆ ಹೋಗುತ್ತಿತ್ತು. ಗುರುಶಾಂತಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು, ನೀವಾದರೂ ತಿನ್ನಿ ಎಂದು ನಮ್ಮ ಮುಂದೆ ಬಿಚ್ಚಿದ. ನಾವು ಅದನ್ನು ಹಾಗೇ ಮತ್ತೆ ಕಟ್ಟಿಟ್ಟೆವು.

ಮೂರನೆಯ ದಿನ ಮಧ್ಯಾಹ್ನ ಓಬಳಪ್ಪ ಕೈ ತೋರಿಸಿದ. ಎರಡು ಬಂಡೆಗಳ ಸಂದಿಯಲ್ಲಿ ಬುರುಡೆ ಸಿಕ್ಕಿಕೊಂಡಿತ್ತು. ತೆಪ್ಪ ದಡ ಮುಟ್ಟುವ ಮುಂಚೆಯೇ ಬೆನಕಪ್ಪ ಎದೆಮಟ್ಟದ ನೀರಿಗೆ ಇಳಿದುಬಿಟ್ಟ. ಅವನು ತಡವರಿಸುತ್ತಾ ಹೋಗಿ ಬುರುಡೆಯನ್ನು ಅವಚಿಕೊಂಡ.

ಬಂಡೆಯ ಮೇಲೆ ಪೂಜೆ ಮುಗಿಸಿ, ಲಿಂಗ ಧರಿಸಿ, ಒಣಗಿದ ರೊಟ್ಟಿ ಮುರಿದು ನಮಗೂ ಕೊಟ್ಟ. ಆಗ ನನಗೆ ಸಿಟ್ಟು ಬಂತು. ಬುರುಡೆಯನ್ನು ನಿನ್ನ ಬೆನ್ನಿಗೇ ಕಟ್ಟಿಕೊಂಡಿದ್ದರೆ ನೀನೂ ತೇಲುತ್ತಿದ್ದೆ, ಕೊರಳಲ್ಲಿ ಲಿಂಗವೂ ಇರುತ್ತಿತ್ತಲ್ಲ ಎಂದು ರೇಗಿದೆ.

“ನಾನು ಉಳೀತೀನಿ ಅನ್ಕಂಡಿರ್ಲಿಲ್ಲ ಕಣೋ. ನನ್ ಹೆಣ ಸಿಗ್ದಿದ್ರೆ, ಮಣ್ಣು ಮಾಡಾಕೆ ಅವಳಿಗೆ ಈ ಲಿಂಗನಾದ್ರೂ ತೇಲಿ ಸಿಗ್ಲಿ ಅಂತ.”

“ಮತ್ಯಾಕ್ ಬಂದೆ?”

“ನೀನು ಕರದ್ಯಲ್ಲ.”

ವಾಪಸು ಹೊರಡುವಾಗ ಬುರುಡೆಯನ್ನು ನನ್ನ ಟವಲಿನಿಂದ ಅವನ ಬೆನ್ನಿಗೆ ಬಿಗಿದೆ. ಮಗುವಿನ ಹಾಗೆ ಕೈ ಎತ್ತಿ ಕಟ್ಟಿಸಿಕೊಂಡ. ಈ ಸಲ ನಾವಿಬ್ಬರೂ ನಗಲಿಲ್ಲ.