ಪ್ಲೈವುಡ್ ಹಲಗೆಯ ಮೇಲೊಂದು ಸುರಂಗ

ನಾನು ಹೇಳಹೊರಟಿರುವ ರೈಲು ಪ್ರಯಾಣ ನಡೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹೋದ ತಿಂಗಳವರೆಗೆ ಗೊತ್ತಿತ್ತು.

ಎಲ್ಲಕ್ಕೂ ಕಾರಣ ಹುಳಿತ ಮೈದಾ ಅಂಟಿನ ವಾಸನೆ. ನಾನಿರುವ ಹಾನಗಲ್ಲಿಗೆ ರೈಲಿಲ್ಲ. ಮನೆಯೊಳಗಾದರೂ ಒಂದು ಇರಲಿ ಎಂದು ಪುಟ್ಟ ಮಾದರಿ ರೈಲುಮಾರ್ಗದ ನಕ್ಷೆ ಹಾಕುತ್ತಿದ್ದೆ. ಹಳೆಯ ಮಂಚದ ಪ್ಲೈವುಡ್ ಹಲಗೆ, ಅದರ ಮೇಲೆ ಪೆನ್ಸಿಲಿನ ಹಳಿ. ತಿರುವು ಬಿಗಿಯಾದರೆ ಬೋಗಿ ಉರುಳುತ್ತದೆ, ಸಡಿಲಾದರೆ ಹಲಗೆ ಸಾಲದು. ಅಳಿಸಿ ಅಳಿಸಿ ಬರೆದೆ. ಹೆಂಡತಿ ನೋಡಿ, "ಮೊದಲ ಬಾಗಲಾ ತೆಗಿಯಾಕ ಜಾಗಾ ಬಿಡ್ರಿ, ಆಮ್ಯಾಲ ರೈಲು ಬಿಡುವಂತ್ರಿ" ಎಂದಳು.

ನಕ್ಷೆಯಲ್ಲಿ ಎಷ್ಟು ಅಳಿಸಿದರೂ ಅಳಿಸದೆ ಉಳಿದದ್ದು ಸುರಂಗ. ಒಡೆದ ಡಬ್ಬಿಯ ಸುತ್ತ ಮೈದಾ ಅಂಟಿನಿಂದ ಹಳೇ ಪೇಪರು ಮೆತ್ತಿ ಅದನ್ನು ಆಗಲೇ ಮಾಡಿಯೂ ಇಟ್ಟಿದ್ದೆ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಸವಣೂರಿನ ಕಡೆಯಿಂದ ರೈಲು ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ದಿದ್ದ. ಕಿವಿ ತುಂಬುವ ಶಿಳ್ಳೆ, ಕತ್ತಲೆ, ಒಂದು ಹುಳಿ ವಾಸನೆ, ಬೆನ್ನ ಮೇಲೆ ಅಪ್ಪನ ಅಂಗೈ. ಕೊನೆಗೆ ದುಂಡಗಿನ ಬೆಳಕು, ಅದರಲ್ಲಿ ಬಗ್ಗಿ ನೋಡುವ ಮುಖಗಳು. ಮುಂದೆ ಹೆಚ್ಚು ದಿನ ಅಪ್ಪ ಬದುಕಲಿಲ್ಲ. ಅವನ ಮುಖ ಕೂಡ ನನಗೆ ಫೋಟೋದಿಂದ ಗೊತ್ತು. ಅವನದೆಂದು ನನ್ನ ಬಳಿ ಇದ್ದದ್ದು ಆ ಪ್ರಯಾಣ ಒಂದೇ. ಧಾರವಾಡದಲ್ಲಿ ಓದಿ, ಪುರಾವೆ ಇಲ್ಲದೆ ದೇವರನ್ನೂ ಒಪ್ಪದ ನಾನು ಅದಕ್ಕೆ ಮಾತ್ರ ಪುರಾವೆ ಕೇಳಿರಲಿಲ್ಲ.

ಹಂಸಭಾವಿಯಿಂದ ಅಕ್ಕ ಬಂದಿದ್ದಳು. ಚುರುಮುರಿ ತಿನ್ನುತ್ತ ಹಲಗೆಯ ಮೇಲೆ ಬಗ್ಗಿದಳು, ಮೂಗು ಮುರಿದಳು.

"ಇದೇನೋ, ಹಗೇವಿನ ವಾಸನಿ ಬರಾಕತ್ತೈತಿ?"

ಅದು ಸುರಂಗ, ಅಪ್ಪನ ಜೊತೆ ರೈಲಿನಲ್ಲಿ ಹೋದಾಗ ಕಂಡದ್ದು ಎಂದೆ.

"ಯಾರ ಅಪ್ಪನ ಕೂಡ? ನಮ್ಮಪ್ಪ ಸಾಯೂತನಕ ರೈಲು ಹತ್ತಿದಾಂವಲ್ಲ."

ನಕ್ಕೆ. ಅಕ್ಕ ನಗಲಿಲ್ಲ. ತಟ್ಟೆ ಕೆಳಗಿಟ್ಟು ಹೇಳತೊಡಗಿದಳು.

ಶಿಗ್ಗಾವಿಯ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿಡುವ ಗುಂಡಿ, ಒಬ್ಬ ಮನುಷ್ಯ ಹಿಡಿಯುವಷ್ಟೇ ಬಾಯಿ. ಬಹುಕಾಲ ಮುಚ್ಚಿದ್ದರಿಂದ ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ತೆರೆದವರು ಮೊದಲು ಕಂದೀಲು ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಅಂದು ದೀಪ ಆರಿತು. ಗಾಳಿಯಾಡಲೆಂದು ಬಾಯಿ ತೆರೆದಿಟ್ಟು ಅಪ್ಪ ಹಿತ್ತಲಿಗೆ ಹೋದ. ಬೆಂಕಿಪೊಟ್ಟಣ ಪೋಣಿಸಿದ ರೈಲನ್ನು ಆ ಬಾಯಿಯ ಸುತ್ತ ಎಳೆದಾಡುತ್ತಿದ್ದ ನಾನು, ಅದು ಜಾರಿ ಬಿದ್ದದ್ದೇ ತಡ, ಕಂದೀಲು ಇಳಿಬಿಟ್ಟಿದ್ದ ಹಗ್ಗ ಹಿಡಿದು ಹಿಂದೆಯೇ ಇಳಿದೆನಂತೆ. ಅಕ್ಕ ಚೀರಿದ್ದು ಕೇಳಿ ಅಪ್ಪ ಹಿತ್ತಲಿಂದ ಓಡಿಬಂದ.

"ದೀಪ ಆರಿದ್ರ ದೇವ್ರಾದ್ರೂ ಇಳೀಬಾರ್ದು ಅಂತಿದ್ದಾಂವ, ಉಸರು ಕಟ್ಟಿ ಜಿಗದುಬಿಟ್ಟ" ಎಂದಳು ಅಕ್ಕ.

ನನ್ನ ಸೊಂಟಕ್ಕೆ ಹಗ್ಗ ಕಟ್ಟಿದ. ಓಣಿಯವರು ಮೊದಲು ನನ್ನನ್ನು ಎಳೆದರು, ಆಮೇಲೆ ಅವನನ್ನು. ನಿಲ್ಲಲಾಗದೆ ಅಲ್ಲೇ ಕುಸಿದು, ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದನಂತೆ.

"ಕಣ್ಣು ತೆರದು, ಊರು ಬಂತೇನಪಾ ಅಂತ ಕೇಳಿದಿ. ಬಂತಪಾ, ಇಳಿ ಅಂದ. ಮುಂದ ನೀ ರೈಲು ಹತ್ತಿದ್ದೆ ಅಂತ ಹೇಳ್ಕೋತ ಅಡ್ಡ್ಯಾಡಿದಿ. ಹುಡುಗ ಅಂಜತೈತಿ, ಹೌದು ಅನ್ರಿ ಅಂತ ಅಪ್ಪ ಎಲ್ಲಾರಿಗೂ ತಾಕೀತು ಮಾಡಿದ್ದ."

ವಕೀಲನ ಹಾಗೆ ಅಡ್ಡಪ್ರಶ್ನೆ ಹಾಕಿದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಅಪ್ಪ ಬ್ಯಾಡ ಅಂದಿದ್ದ ಎಂದಳು. ಅದೇ ವಾರ ಚಕ್ಕಡಿಯಲ್ಲಿ ಗರಸು ಮಣ್ಣು ತರಿಸಿ ಹಗೇವು ತುಂಬಿಸಿಬಿಟ್ಟ. ಜೋಳ ಎಲ್ಲಿಡೋಣ ಎಂದು ಅವ್ವ ಕೇಳಿದರೆ ಇನ್ನೊಂದು ಬುಟ್ಟಿ ಗರಸು ಸುರಿದ ಎಂದೂ ಹೇಳಿದಳು.

ರಾತ್ರಿಯೆಲ್ಲ ಕಿವಿಯಲ್ಲಿ ಅದೇ ಶಿಳ್ಳೆ. ಹಾಗಾದರೆ ಅದು ಎಂಜಿನ್ನಿನದಲ್ಲ, ಉಸಿರುಗಟ್ಟಿದ ನನ್ನದೇ ತಲೆಯದು. ಅಪ್ಪ ಕೊಡಿಸಿದ ಪ್ರಯಾಣ ಕೈಬಿಟ್ಟು ಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ಎತ್ತಿಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಆದರೂ ಅನುಮಾನದ ಚಟ ಬಿಡಲಿಲ್ಲ. ಅಕ್ಕನದಾದರೂ ಅದು ನೆನಪೇ ತಾನೆ?

ಹಲಗೆಯಿಂದ ಸುರಂಗ ತೆಗೆದುಹಾಕಿಲ್ಲ. ದೂರದ ಮೂಲೆಯಲ್ಲಿದ್ದ ಸ್ಟೇಷನ್ನನ್ನು ಅಳಿಸಿ, ಸುರಂಗ ಮುಗಿದ ಕೂಡಲೇ ಸಿಗುವಂತೆ ಬರೆದಿದ್ದೇನೆ.

ಮೊನ್ನೆ ಶಿಗ್ಗಾವಿಗೆ ಹೋಗಿದ್ದೆ. ಆ ಮನೆಯಲ್ಲಿ ಈಗ ಕಾಕಾನ ಮಗನಿದ್ದಾನೆ. ಇಬ್ಬರೂ ಸೇರಿ ಪಡಸಾಲೆಯಲ್ಲಿ ಹಗೇವಿನ ಬಾಯಿ ಮುಚ್ಚಿದ್ದ ದುಂಡು ಕಲ್ಲು ಎತ್ತಿದೆವು. ಬಾಯಿಮಟ ಕೆಂಪು ಗರಸು ತುಂಬಿತ್ತು.