ಟೀಮಿನಲ್ಲಿ ಇನ್ನೊಂದೇ ಜಾಗ

“ಆ ಕುಳ್ಳ ಹುಡುಗ ಟೀಮಿಗೆ ಬರೋದಾ? ಸಾಧ್ಯವೇ ಇಲ್ಲ!” ಎಂದವರು ಐರ್ಲೆಂಡಿನ ವಾಟರ್‌ಫರ್ಡಿನಲ್ಲಿ ಓದುತ್ತಿದ್ದ ನನಗೆ ರೂಮು ಬಾಡಿಗೆಗೆ ಕೊಟ್ಟಿದ್ದ ಐರಿಷ್ ಅಜ್ಜ, ಪ್ಯಾಡಿ. ಆ ಕೊರೊನಾ ಕಾಲದಲ್ಲಿ ನಮ್ಮಿಬ್ಬರಿಗೂ ಟೀವಿಯ ಅಮೆರಿಕನ್ ಫುಟ್‌ಬಾಲೇ ಗತಿ. ಅಜ್ಜನ ಮೆಚ್ಚಿನ ತಂಡದಲ್ಲಿ, ದೂರ ಓಡಿ ಚೆಂಡು ಹಿಡಿಯುವ ರಿಸೀವರ್‌ಗಳಿಗೆ ಇನ್ನೊಂದೇ ಜಾಗ ಉಳಿದಿತ್ತು. ಅದಕ್ಕೆ ಇಬ್ಬರ ಪೈಪೋಟಿ. ಅವರು ಹಳೆಯ ಆಟಗಾರನ ಕಡೆ. ನಾನು, ಯಾರೂ ಹೆಸರು ಕೇಳದ ಕಾಲೇಜಿನಿಂದ ಬಂದ ಕುಳ್ಳನ ಕಡೆ.

“ಅವನ ಕೈಯಿಂದ ಒಂದು ಚೆಂಡಾದರೂ ಜಾರಿದ್ದು ನೋಡಿದ್ದೀರಾ?” ಎಂದು ರೇಗಿದೆ. ಇಷ್ಟೇಕೆ ಸಿಟ್ಟು ಎಂದು ಅಜ್ಜ ಟೀವಿಯ ಸದ್ದು ತಗ್ಗಿಸಿದರು. ಹೇಳಿಬಿಟ್ಟೆ: ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿದು ಓದಿಸಿದ್ದು, “ಇವ್ಳು ಫಾರಿನ್ನಲ್ಲಿ ಪಾಸಾದಂಗೇ ಐತೆ” ಎಂದು ದೊಡ್ಡಪ್ಪ ನಕ್ಕಿದ್ದು. ಪಾಸೇನೋ ಆದೆ, ಆದರೆ ಕೊರೊನಾದಿಂದಾಗಿ ಘಟಿಕೋತ್ಸವವಿಲ್ಲ. ಅಮ್ಮ ಕಾದಿದ್ದ ಗಳಿಗೆ ಲಕೋಟೆಯೊಳಗೆ ಅಂಚೆಯಲ್ಲಿ ಬರಲಿತ್ತು.

ಕುಳ್ಳನಿಗೆ ಜಾಗ ಸಿಗಲಿಲ್ಲ. ನನಗಿಂತ ಅಜ್ಜನೇ ಹೆಚ್ಚು ಬೇಸರಪಟ್ಟರು.

ಲಕೋಟೆ ಬಂದ ದಿನ ಅವರು ಅದನ್ನು ಹಾಗೇ ಕೈಗೆ ಕೊಡಲಿಲ್ಲ. ಕೋಟು, ಟೈ ತೊಟ್ಟು ಅಡುಗೆಮನೆಯಲ್ಲಿ ನಿಂತು, “ಅಮ್ಮನಿಗೆ ವಿಡಿಯೋ ಕಾಲ್ ಮಾಡು” ಎಂದರು. ನನ್ನ ಪೂರ್ತಿ ಹೆಸರನ್ನು ತಡವರಿಸುತ್ತ ಕೂಗಿ, ಲಕೋಟೆ ಒಡೆದು ಸರ್ಟಿಫಿಕೇಟು ಕೈಗಿತ್ತರು. ಅಭ್ಯಾಸಬಲದಿಂದ ನಾನು ಅವರ ಕಾಲಿಗೆ ಬಗ್ಗಿದೆ. ಏನೋ ಬಿತ್ತೆಂದುಕೊಂಡು ಅವರೂ ಬಗ್ಗಿ ಹುಡುಕಿದರು.

ಫೋನಿನಲ್ಲಿ ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು. “ಹತ್ರ ಹಿಡಿ ಮಗಾ, ನಾನೂ ಒಂದ್ಸಲ ಮುಟ್ತೀನಿ.”