ಪಾಯಸ ಬಿದ್ದ ಮಿಕ್ಸರ್

ದೆವ್ವ ಭೂತಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಅದಕ್ಕೆ ದೊಡ್ಡ ವಿಚಾರವಾದವೇನೂ ಕಾರಣವಲ್ಲ. ಮೈಕ್ ಸೆಟ್ಟಿನ ಕಸುಬು ಮಾಡಿದವನಿಗೆ ಭೂತದ ಕಥೆಗಳು ಎಲ್ಲಿ ಹುಟ್ಟುತ್ತವೆ ಎಂಬುದು ಗೊತ್ತಿರುತ್ತದೆ. ಸ್ಮಶಾನದ ಪಕ್ಕದ ಗದ್ದೆಯಲ್ಲಿ ಯಾರೋ ಅಳುತ್ತಾರೆ ಅಂದರೆ, ಆಚೆ ಊರಿನ ಮದುವೆಮನೆಯ ಮೈಕಿನ ಹಾರ್ನ್ ಗಾಳಿಗೆ ಈ ಕಡೆ ತಿರುಗಿದೆ ಎಂದು ಅರ್ಥ. ಹಾಗೆ ತಿರುಗಿದ ನಮ್ಮದೇ ಹಾರ್ನಿಗೆ ಹೆದರಿ ಕಮ್ಮರಡಿಯ ಒಬ್ಬರು ದೇವರಿಗೆ ಹರಕೆ ಹೊತ್ತಿದ್ದರು. ಹರಕೆ ತೀರಿಸಿದ ದಿನವೂ ಮೈಕ್ ನಮ್ಮದೇ.

ಅಂಥ ನಾನು ಈಗ ಇದನ್ನು ಬರೆಯಲು ಕುಳಿತಿದ್ದೇನೆ ಎಂಬುದು ನನಗೇ ಅಸಹ್ಯ. ಓದುಗರು ಬಿಳಿ ಸೀರೆಯನ್ನಾಗಲಿ ಹಿಂದುಮುಂದಾದ ಪಾದವನ್ನಾಗಲಿ ನಿರೀಕ್ಷಿಸಬಾರದು. ಇದರಲ್ಲಿರುವುದು ಪ್ಲಾಸ್ಟಿಕ್ಕಿನ ಒಂದು ಗುಂಡಿ ಮತ್ತು ಒಂದಷ್ಟು ಇರುವೆ.

ಕೊಪ್ಪದಲ್ಲಿ ನಮ್ಮದು ಮೈಕ್ ಸೆಟ್ಟಿನ ಅಂಗಡಿ. ನನ್ನ ಪಾಲುದಾರ ಪಕ್ಕದ ನಾರ್ವೆ ಎಂಬ ಹಳ್ಳಿಯ ದುಗ್ಗಪ್ಪ. ರೆಕಾರ್ಡ್‌ಗಳನ್ನು ಒರೆಸಿ, ಮಳೆಗಾಲದ ಬೂಷ್ಟಿನಿಂದ ಕಾಪಾಡಿ ಇಡುವುದು ನನ್ನ ಕೆಲಸ, ನುಡಿಸುವುದು ಅವನದು. ಬೇರೆಯವರ ಸೆಟ್ಟಿಗೆ ರೆಕಾರ್ಡ್ ತಿರುಗುವ ತಟ್ಟೆ ಒಂದೇ. ಒಂದು ಹಾಡು ಮುಗಿದು ಇನ್ನೊಂದು ಹತ್ತುವ ತನಕ ಮೌನ. ಆ ಮೌನದಲ್ಲಿ ಅಡುಗೆಭಟ್ಟರು ಯಾರನ್ನು ಏನೆಂದು ಬೈಯುತ್ತಿದ್ದಾರೆ ಎಂಬುದು ಬೀಗರಿಗೆಲ್ಲ ಕೇಳುತ್ತಿತ್ತು. ನಮಗೆ ಎರಡು ತಟ್ಟೆ, ಅವೆರಡರ ನಡುವೆ ಒಂದು ಮಿಕ್ಸರ್. ದುಗ್ಗಪ್ಪ ಶಿವಮೊಗ್ಗದಲ್ಲಿ ಹೇಳಿ ಮಾಡಿಸಿದ ತಗಡಿನ ಡಬ್ಬಿ ಅದು. ಅದರ ಮೇಲೆ ಅಡ್ಡಡ್ಡ ಜಾರುವ ಒಂದು ಗುಂಡಿ. ಎಡಕ್ಕೆ ತಳ್ಳಿದರೆ ಎಡದ ತಟ್ಟೆಯ ಹಾಡು, ಬಲಕ್ಕೆ ತಳ್ಳಿದರೆ ಬಲದ ತಟ್ಟೆಯ ಹಾಡು. ಹಾಡಿಗೂ ಹಾಡಿಗೂ ನಡುವೆ ಭಟ್ಟರ ಬಾಯಿ ಕೇಳುವಂತಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಹುಡುಕಿದರೂ ಆಗ ಅಂಥದ್ದು ಇನ್ನೊಂದಿರಲಿಲ್ಲ.

ಒಂದು ಮದುವೆಯಲ್ಲಿ ಬಡಿಸಲು ಓಡುತ್ತಿದ್ದ ಮಹಾಶಯನೊಬ್ಬ ನಮ್ಮ ವಯರಿಗೆ ಕಾಲು ಸಿಕ್ಕಿಸಿಕೊಂಡು, ಬಕೆಟ್ಟಿನಲ್ಲಿದ್ದ ಹೆಸರುಬೇಳೆ ಪಾಯಸವನ್ನು ಮಿಕ್ಸರಿಗೆ ಸಮರ್ಪಿಸಿದ. ಒರೆಸಿದೆವು. ಬೆಲ್ಲದ ಪಾಕ ಒರೆಸಿದರೆ ಹೋಗುವ ವಸ್ತುವಲ್ಲ. ಅಂದಿನಿಂದ ಆ ಗುಂಡಿ ನಡುವಿಗೆ ಬಂದಾಗ ಸಿಕ್ಕಿಕೊಳ್ಳತೊಡಗಿತು. ದುಗ್ಗಪ್ಪ ಅದಕ್ಕೆ ಒಂದು ಕ್ರಮ ಕಂಡುಕೊಂಡ. ಗುಂಡಿಯನ್ನು ನಡುವಿಗೆ ತರುವುದು, ನಿಲ್ಲಿಸುವುದು, ಹಟ ಹಿಡಿದ ಕರುವನ್ನು ಪುಸಲಾಯಿಸಿದ ಹಾಗೆ ಎರಡು ಸಲ ಆಚೀಚೆ ಅಲುಗಿಸುವುದು, ಆಮೇಲೆ ತಳ್ಳುವುದು. ಆ ಹೊತ್ತಿನಲ್ಲಿ ಎರಡೂ ಹಾಡು ಒಂದರೊಳಗೊಂದು ಸೇರಿ ಕೇಳುತ್ತಿದ್ದವು. ಜನ ಇದನ್ನು ಕಲೆ ಎಂದು ತಿಳಿದರು. ಶೃಂಗೇರಿಯ ಇನ್ನೊಬ್ಬ ಮೈಕ್ ಸೆಟ್ಟಿನವನು ಬಂದು ನೋಡಿಕೊಂಡು ಹೋಗಿ, ತಾನೂ ಒಂದು ಮಿಕ್ಸರ್ ಮಾಡಿಸಿ ಹಾಗೇ ಅಲುಗಿಸಿದ. ಬರಲಿಲ್ಲ. ಅವನ ಮಿಕ್ಸರಿಗೆ ಪಾಯಸ ಬಿದ್ದಿರಲಿಲ್ಲವಲ್ಲ.

ಬೇಸಿಗೆ ಬಂತೆಂದರೆ ಅದಕ್ಕೆ ಇರುವೆ ಮುತ್ತುತ್ತಿದ್ದವು. ಬಿಚ್ಚಿ ತೊಳೆಸೋಣ ಎಂದು ನಾನು ಎಷ್ಟೋ ಸಲ ಹೇಳಿದ್ದೆ.

"ಬ್ಯಾಡ ಮಾರಾಯ," ಅನ್ನುತ್ತಿದ್ದ. "ಪಾಯಸ ತೆಗೆದ್ರೆ ನನ್ನ ಕೈ ಕೆಟ್ಟು ಹೋಗ್ತದೆ."

ಆಮೇಲೆ ಕ್ಯಾಸೆಟ್ ಬಂತು, ಸಿ.ಡಿ. ಬಂತು, ಪೆನ್‌ಡ್ರೈವ್ ಬಂತು. ಕೊನೆಗೆ ಡಿಜೆ ಎಂಬುದು ಲ್ಯಾಪ್‌ಟಾಪ್ ಸಮೇತ ಬಂತು. ಈ ಡಿಜೆಯ ಸಲಕರಣೆಯನ್ನು ನೋಡದವರಿಗಾಗಿ ಹೇಳುತ್ತೇನೆ. ಅದರಲ್ಲೂ ಎರಡು ತಟ್ಟೆಗಳಿವೆ, ಅಕ್ಕಿರೊಟ್ಟಿಯ ಅಗಲದವು. ಅವುಗಳ ಮೇಲೆ ರೆಕಾರ್ಡ್ ಇಲ್ಲ. ಸುಮ್ಮನೆ ಕೈಯಾಡಿಸುವುದಕ್ಕೆ ಇಟ್ಟಿರುವುದು; ಎಲೆ ಹಾಕಿ, ಏನೂ ಬಡಿಸದೆ, ಊಟ ಮಾಡಿ ಎಂದ ಹಾಗೆ. ಹಾಡು ಲ್ಯಾಪ್‌ಟಾಪಿನ ಪರದೆಯ ಮೇಲೆ ಹಸಿರು ಹುಳುವಿನಂತೆ ಹರಿದು ಹೋಗುತ್ತದೆ. ಎರಡು ಹಾಡುಗಳ ನಡಿಗೆಯನ್ನು ಹೊಂದಿಸಲು ಕಿವಿ ಬೇಡ, ಅದಕ್ಕೊಂದು ಬಟನ್ ಇದೆ. ಇನ್ನು ಬಾಸ್ ಎಂಬ ಆ ದಪ್ಪ ದನಿ. ಅದು ಕೇಳುವ ಶಬ್ದವಲ್ಲ. ಎದೆಗೆ ಗುದ್ದಿ, ಹೊಟ್ಟೆಗಿಳಿದು, ಮಧ್ಯಾಹ್ನ ಉಂಡದ್ದನ್ನು ವಿಚಾರಿಸಿಕೊಂಡು ಹೋಗುತ್ತದೆ.

ನರಸಿಂಹರಾಜಪುರದ ಒಂದು ಛತ್ರದಲ್ಲಿ ಡಿಜೆಯವನೊಬ್ಬ ದುಗ್ಗಪ್ಪನ ಹೆಸರು ಕೇಳಿ ತಿಳಿದವನು, ಗೌರವದಿಂದಲೇ, "ಬನ್ನಿ, ಒಂದ್ಸಲ ಕೈ ಇಟ್ಟು ನೋಡಿ," ಎಂದು ಕರೆದಿದ್ದ. ದುಗ್ಗಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಇದನ್ನ ಮುಟ್ಟೋದಕ್ಕಿಂತ ಕೊಟ್ಟಿಗೆ ಸಗಣಿ ಬಾಚ್ತೀನಿ, ಕೈಯಾದ್ರೂ ತೊಳ್ಕಬಹುದು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಊಟ ಮಾಡದೆ ನನ್ನನ್ನೂ ಎಬ್ಬಿಸಿಕೊಂಡು ಬಂದ. ನನಗೆ ಹಸಿವಾಗಿತ್ತು; ಆದರೂ ಹೆಮ್ಮೆಯಿಂದ ಎದ್ದು ಬಂದೆ. ಆ ದಿನದಿಂದ ಅದು ನಮ್ಮಿಬ್ಬರ ಪ್ರತಿಜ್ಞೆ. ಅಂಗಡಿ ಮುಚ್ಚಿದೆವೇ ಹೊರತು ಅದನ್ನು ಮುಟ್ಟಲಿಲ್ಲ.

ದುಗ್ಗಪ್ಪನಿಗೆ ಒಬ್ಬಳೇ ಮಗಳು, ಸ್ಮಿತಾ. ಅವಳ ಮದುವೆಯಲ್ಲಿ, ಅವಳು ಸಿಂಗಾರವಾಗಿ ಹೊಸ್ತಿಲು ದಾಟುವಾಗ ನಮ್ಮ ನಾಗಸ್ವರದ ರೆಕಾರ್ಡನ್ನು ತಾನೇ ನುಡಿಸಬೇಕು ಎಂಬುದೊಂದು ಅವನ ಆಸೆ. ಬೇರೆ ಯಾವ ಆಸೆಯನ್ನೂ ಅವನು ಬಾಯಿಬಿಟ್ಟು ಹೇಳಿದ್ದಿಲ್ಲ. ಅದು ಆಗುವ ಮೊದಲೇ ಎದೆನೋವು ಬಂದು ತೀರಿಕೊಂಡ. ಮಗಳ ಮದುವೆ ಗೊತ್ತಾದಾಗ ಅವನ ಹೆಂಡತಿ ಸುಶೀಲಕ್ಕ ನನ್ನನ್ನು ಕರೆಸಿ, "ಅವರದ್ದು ಅದೊಂದು ನಡೆಸಿಕೊಡು. ಆ ರೆಕಾರ್ಡೇ ಆಗ್ಬೇಕು, ಅದೇ ಮಿಕ್ಸರ್ ಆಗ್ಬೇಕು," ಅಂದಳು. ಮಾತು ಕೊಟ್ಟೆ.

ಸ್ಮಿತಾ ಸಿಂಗಾರವಾಗಿ ಹೊಸ್ತಿಲು ದಾಟುವುದು ಮದುವೆಯ ಹಿಂದಿನ ಸಂಜೆ, ನಾರ್ವೆಯ ಮನೆಯಂಗಳದ ಮದರಂಗಿಗೆ. ಅದಕ್ಕೆ ಈಗ ಮೆಹಂದಿ ಎನ್ನಬೇಕಂತೆ, ಮತ್ತು ಅದಕ್ಕೆ ಡಿಜೆ ಇಲ್ಲದಿದ್ದರೆ ಬಣ್ಣ ಹತ್ತುವುದಿಲ್ಲವಂತೆ. ಸ್ಮಿತಾಳ ಚಿಕ್ಕಪ್ಪನ ಮಕ್ಕಳು ಮುತ್ತಿನಕೊಪ್ಪದ ಸಂದೇಶ ಎಂಬ ಡಿಜೆಯನ್ನು ಗೊತ್ತು ಮಾಡಿದ್ದರು. ಉದ್ಧಟನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಸಂದೇಶ ಹೆಂಡತಿ ಮಕ್ಕಳಿರುವ ವಿನಯವಂತ. ಅದನ್ನು ಸಹಿಸುವುದು ಇನ್ನೂ ಕಷ್ಟ.

ನಾನು ರೆಕಾರ್ಡಿನ ಪೆಟ್ಟಿಗೆ ತೆಗೆದೆ. ಒದ್ದೆ ನಾಯಿ ಮಲಗಿದ್ದ ಕಂಬಳಿಯ ವಾಸನೆ ಹೊಡೆಯಿತು. ಬಿಳಿ ಬೂಷ್ಟು ಉಣ್ಣೆಯ ಹಾಗೆ ಬೆಳೆದಿತ್ತು. ಹಲ್ಲಿಯೊಂದು ಎರಡು ರೆಕಾರ್ಡುಗಳ ನಡುವೆ ಸಿಕ್ಕು, ಒಣಗಿ ಚಪ್ಪಟೆಯಾಗಿ, ತಾನೂ ಒಂದು ರೆಕಾರ್ಡ್ ಆಗಿತ್ತು. ಎಲ್ಲವನ್ನೂ ಬಿಡಿಸಿ, ನಾಗಸ್ವರವನ್ನು ಹುಡುಕಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ ಒರೆಸಿ ಕಪ್ಪು ಹೊಳಪು ಬರಿಸಿದೆ.

ಸಂದೇಶ ಅದನ್ನು ನೋಡಿ, "ಅಂಕಲ್, ಇದನ್ನ ಲ್ಯಾಪ್‌ಟಾಪಿಗೆ ಹತ್ತಿಸ್ಕೊಂಡು ಬಿಡಣ. ನೀಟಾಗಿ ಬರ್ತದೆ," ಅಂದ.

"ನಿಮ್ಮ ತೀರಿಹೋದ ಅಜ್ಜಿ ಫೋಟೋ ಮುಂದೆ ಎಲೆ ಹಾಕಿ ಊಟ ಬಡಿಸ್ತೀಯೇನೋ?" ಎಂದು ಕೇಳಿದೆ.

ಅವನು ಸ್ವಲ್ಪ ಯೋಚಿಸಿ, "ಹಬ್ಬಕ್ಕೆ ಬಡಿಸ್ತೀವಲ್ಲ ಅಂಕಲ್," ಅಂದ.

ಕಡೆಗೆ ಒಂದು ಒಪ್ಪಂದವಾಯಿತು. ನಮ್ಮ ರೆಕಾರ್ಡು ನಮ್ಮ ತಟ್ಟೆಯ ಮೇಲೆ ತಿರುಗಿ, ನಮ್ಮ ಮಿಕ್ಸರಿನ ಮೂಲಕ ಹಾದು, ಅಲ್ಲಿಂದ ವಯರಿನಲ್ಲಿ ಅವನ ಯಂತ್ರಕ್ಕೆ ಹೋಗುವುದು. ಅವನ ಯಂತ್ರದಲ್ಲೂ ಅಡ್ಡಡ್ಡ ಜಾರುವ ಗುಂಡಿ ಇದೆ. ಅದು ಎಡಕ್ಕಿದ್ದರೆ ಲ್ಯಾಪ್‌ಟಾಪಿನ ಹಾಡು, ಬಲಕ್ಕೆ ಬಂದರೆ ನಮ್ಮ ರೆಕಾರ್ಡು. ಸ್ಮಿತಾ ಬಾಗಿಲಿಗೆ ಬಂದ ಕೂಡಲೇ ಅದನ್ನು ಬಲಕ್ಕೆ ತಳ್ಳಬೇಕಾದವನು ಸಂದೇಶ. ನಾನು ಮುಟ್ಟುವಂತಿಲ್ಲ; ಪ್ರತಿಜ್ಞೆ ಇದೆಯಲ್ಲ. ಎರಡು ಮಿಕ್ಸರುಗಳೂ ಒಂದೇ ಉದ್ದ ಮೇಜಿನ ಮೇಲೆ ಒಂದು ಗೇಣು ಅಂತರದಲ್ಲಿ ಕುಳಿತವು.

ಇನ್ನೂ ಬೆಳಕಿತ್ತು. ಸ್ಮಿತಾ ಬರುತ್ತಿದ್ದಾಳೆ ಎಂದು ಒಳಗಿನಿಂದ ಹೇಳಿಕಳಿಸಿದರು. ನಾನು ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದೆ. ಬಾಸಿನ ಹೊಡೆತಕ್ಕೆ ಮೇಜೇ ಕುಣಿಯುತ್ತಿದ್ದುದರಿಂದ ಮುಳ್ಳು ಹಾರುವುದರಲ್ಲಿತ್ತು. ಒಂದು ಕೈಯಿಂದ ಮುಳ್ಳಿನ ತೋಳನ್ನು ಮೆಲ್ಲಗೆ ಒತ್ತಿ, ಇನ್ನೊಂದು ಕೈಯನ್ನು ತಟ್ಟೆಯ ಪೆಟ್ಟಿಗೆಗೆ ಆನಿಸಿ ಹಿಡಿದೆ. ಈ ಎರಡು ಕೈಗಳ ವಿಷಯವನ್ನು ಓದುಗರು ದಯವಿಟ್ಟು ನೆನಪಿಡಬೇಕು.

ಸ್ಮಿತಾ ಹೊಸ್ತಿಲಿಗೆ ಬಂದಳು, ಪಕ್ಕದಲ್ಲಿ ಸುಶೀಲಕ್ಕ. ಆಗ ಸ್ಪೀಕರಿನಲ್ಲಿ ಬರುತ್ತಿದ್ದ ಹಾಡಿನ ಮಾತುಗಳನ್ನು ಸಂಸಾರಸ್ಥನಾದ ನಾನು ಬರೆಯಲಾರೆ. ಸಂದೇಶನನ್ನು ನೋಡಿದೆ. ಅವನು ಕುಣಿಯುವವರ ಕಡೆ ತಿರುಗಿ, ಕಣ್ಣು ಮುಚ್ಚಿ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದ. ಡಿಜೆಗಳು ಹೀಗೆ ಮಾಡಬೇಕೆಂದು ಎಲ್ಲೋ ಶಾಸ್ತ್ರವಿರಬೇಕು. "ಸಂದೇಶಾ!" ಎಂದು ಕಿರುಚಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ನನ್ನ ಕೈಯ ಕೆಳಗೆ ನಾಗಸ್ವರ ಶುರುವಾಗಿ, ಯಾರಿಗೂ ಕೇಳದೆ ಸವೆಯುತ್ತಿತ್ತು. ಸ್ಮಿತಾ ಹೊಸ್ತಿಲ ಮುಂದೆ ಹೆಜ್ಜೆ ತಡೆದು ನಿಂತಿದ್ದಳು. ಸುಶೀಲಕ್ಕ ಡಿಜೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಆಗ ಸಂದೇಶನ ಯಂತ್ರದ ಗುಂಡಿ ಜಾರಿತು.

ನಾನು ಅದನ್ನೇ ನೋಡುತ್ತಿದ್ದೆ. ಆ ಎರಡು ಖಾಲಿ ತಟ್ಟೆಗಳ ನಡುವೆ, ಎಡದಿಂದ ಹೊರಟು, ನಡುವಿಗೆ ಬಂದು ನಿಂತಿತು. ಎರಡು ಸಲ ಆಚೀಚೆ ಅಲುಗಿತು. ಆ ದರಿದ್ರ ಹಾಡೂ ನಮ್ಮ ನಾಗಸ್ವರವೂ ಒಂದರೊಳಗೊಂದು ಸೇರಿ ಅಂಗಳದ ತುಂಬ ಕೇಳಿದವು. ಆಮೇಲೆ ಗುಂಡಿ ಬಲಕ್ಕೆ ಹೋಯಿತು. ಬಾಸ್ ಕಳಚಿ ಬಿತ್ತು. ಬರೀ ನಾಗಸ್ವರ, ಅದರ ಜೊತೆ ನಮ್ಮ ರೆಕಾರ್ಡಿನ ಚರಚರ.

ತಣ್ಣನೆ ಗಾಳಿ ಬೀಸಲಿಲ್ಲ. ನಾಯಿ ಊಳಿಡಲಿಲ್ಲ, ಅದು ಬಾಸಿಗೆ ಹೆದರಿ ಮಧ್ಯಾಹ್ನವೇ ಊರು ಬಿಟ್ಟಿತ್ತು. ಸ್ಮಿತಾ ಹೊಸ್ತಿಲು ದಾಟಿದಳು. ಸುಶೀಲಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಂದೇಶ ಕಣ್ಣು ಬಿಟ್ಟು, ಎತ್ತಿದ ಕೈಗಳನ್ನು ನಿಧಾನವಾಗಿ ಇಳಿಸಿದ.

"ಸಾರಿ ಅಂಕಲ್, ಮರ್ತೇಬಿಟ್ಟಿದ್ದೆ. ನೀವು ತಳ್ಳಿದ್ದು ಒಳ್ಳೇದಾಯ್ತು. ಆದ್ರೆ ನಡುವೆ ಯಾಕೆ ನಿಲ್ಸಿದ್ರಿ?"

ನನ್ನ ಎರಡು ಕೈಗಳೂ ಇದ್ದಲ್ಲೇ ಇದ್ದವು. "ಇದಕ್ಕೆ ಮೋಟಾರ್ ಇದೆಯಾ?" ಎಂದು ಕೇಳಿದೆ.

"ಇಲ್ಲಪ್ಪ, ಕೈಯಲ್ಲೇ ತಳ್ಬೇಕು."

"ಲ್ಯಾಪ್‌ಟಾಪ್ ತಳ್ಳುತ್ತದಾ?"

"ಪರದೆ ಮೇಲಿರೋದನ್ನ ತಳ್ಬಹುದು ಅಂಕಲ್. ಈ ಗುಂಡೀನ ಅಲ್ಲ."

ಇಂಥ ಸಂದರ್ಭದಲ್ಲಿ ಹೆದರಬೇಕು, ಇಲ್ಲವೇ ಗೆಳೆಯ ಬಂದನೆಂದು ಕಣ್ಣು ತುಂಬಿಕೊಳ್ಳಬೇಕು. ನನಗೆ ಎರಡೂ ಆಗಲಿಲ್ಲ. ಬಾಯಿಗಿಟ್ಟ ತುತ್ತಿನಲ್ಲಿ ಕೂದಲು ಸಿಕ್ಕಂಥ ಅಸಹ್ಯವಾಯಿತು. ದುಗ್ಗಪ್ಪನೇ ಬಂದಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ ಬಂದಿದ್ದನೇ ಆದರೆ, ಅವನ ಸ್ವಂತ ಮಿಕ್ಸರ್ ಒಂದು ಗೇಣು ದೂರದಲ್ಲಿತ್ತು. ಹಲ್ಲಿ ಹೆಣ ಬಿಡಿಸಿ ರೆಕಾರ್ಡ್ ಒರೆಸಿದ ನಾನು ಅದರ ಪಕ್ಕದಲ್ಲೇ ನಿಂತಿದ್ದೆ. ನಮ್ಮಿಬ್ಬರನ್ನೂ ಬಿಟ್ಟು, ಸಗಣಿಗಿಂತ ಕಡೆ ಎಂದಿದ್ದ ಪ್ಲಾಸ್ಟಿಕ್ಕಿನ ಮೇಲೆ ಕೈ ಇಟ್ಟ! ಅದೂ ಎಷ್ಟು ಸಲೀಸಾಗಿ, ಹುಟ್ಟಿನಿಂದ ಅದರಲ್ಲೇ ಪಳಗಿದವನ ಹಾಗೆ. ಅವನಿಗಾಗಿ ನಾನು ಬಿಟ್ಟು ಬಂದ ಆ ಛತ್ರದ ಊಟ ನೆನಪಾಯಿತು.

"ಥೇಟ್ ಅವರ ಹಾಗೇ ಮಾಡ್ದೆ ನೋಡು," ಅಂದಳು ಸುಶೀಲಕ್ಕ. ನಾನು ಮುಳ್ಳನ್ನು ಎತ್ತಿ ಬದಿಗಿಟ್ಟೆ.

ಬಾಸಿಗೆ ಅಲುಗಿರಬಹುದು ಎಂದು ಸಂದೇಶನಿಂದ ಪೂರ್ತಿ ಬಾಸ್ ಕೊಡಿಸಿ ನೋಡಿದೆ. ಗುಂಡಿ ಕದಲಲಿಲ್ಲ. ನಾನೇ ಗೊತ್ತಿಲ್ಲದೆ ತಳ್ಳಿದೆನೇ ಎಂದರೆ, ಕೈ ತೆಗೆದಿದ್ದರೆ ಮುಳ್ಳು ಹಾರಬೇಕಿತ್ತು, ಹಾರಲಿಲ್ಲ. ಯಾರದೋ ಫೋನಿನ ವಿಡಿಯೋದಲ್ಲಿ ಸಂದೇಶನ ಎತ್ತಿದ ಕೈಗಳಿವೆ, ಬಾಗಿ ನಿಂತ ನಾನಿದ್ದೇನೆ. ಯಂತ್ರ ಮಾತ್ರ ಚೆಂಡುಹೂವಿನ ಮಾಲೆಯ ಹಿಂದೆ ಮರೆಯಾಗಿದೆ.

ಮರುದಿನ ಬೆಳಿಗ್ಗೆ ಸಾಮಾನು ತರಲು ಹೋದಾಗ ಮೇಜಿನ ಮೇಲೆ ಇರುವೆಯ ಸಾಲು ಹತ್ತಿತ್ತು. ಅವು ನಮ್ಮ ಮಿಕ್ಸರನ್ನು ಕಣ್ಣೆತ್ತಿಯೂ ನೋಡದೆ ಬಳಸಿಕೊಂಡು ಹೋಗಿ, ಸಂದೇಶನ ಗುಂಡಿಯ ಸೀಳಿನೊಳಗೆ ಇಳಿಯುತ್ತಿದ್ದವು. ಅವನು ಮುಖ ಸಿಂಡರಿಸಿಕೊಂಡು ಒರೆಸುತ್ತಿದ್ದ.

"ಯಾರೋ ಸ್ವೀಟ್ ತಿಂದ ಕೈಯಲ್ಲಿ ಮುಟ್ಟಿದಾರೆ ಅಂಕಲ್. ನಡುವೆ ಸಿಕ್ಕಾಕ್ಕೊಳ್ತಾ ಇದೆ."

ಇರಬಹುದು. ಮೆಹಂದಿಯಲ್ಲಿ ಸ್ವೀಟಿಗೇನು ಬರವಿರಲಿಲ್ಲ. ಕೆಲವು ತಿಂಗಳ ಮೇಲೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ರಿಪೇರಿಯಾಯಿತೇ ಎಂದು ಕೇಳಿದೆ. "ಮಾಡ್ಸಿಲ್ಲ ಅಂಕಲ್. ನಡುವೆ ನಿಲ್ಸಿ ಅಲ್ಲಾಡ್ಸಿ ತಳ್ಳಿದ್ರೆ ಜನಕ್ಕೆ ಎಂತದೋ ಖುಷಿ," ಅಂದ. ನನಗೆ ಬಸ್ಸಿಗೆ ಹೊತ್ತಾಗಿರಲಿಲ್ಲ, ಆದರೂ ಹತ್ತಿ ಕುಳಿತೆ.

ಇನ್ನೊಂದು ಮಾತು ಉಳಿದಿದೆ. ನಾರ್ವೆಯಿಂದ ಬಂದ ದಿನವೇ ನಮ್ಮ ಮಿಕ್ಸರನ್ನು ಮನೆಯಲ್ಲಿ ಇಟ್ಟು, ಸುಮ್ಮನೆ ಗುಂಡಿ ತಳ್ಳಿ ನೋಡಿದೆ. ಎಡದಿಂದ ಬಲಕ್ಕೆ, ಎಣ್ಣೆ ಹಾಕಿದ ಹಾಗೆ ಹೋಯಿತು. ನಡುವೆ ಎಲ್ಲೂ ಸಿಕ್ಕಲಿಲ್ಲ. ಜೀಪಿನ ಕುಲುಕಾಟಕ್ಕೆ ಗಟ್ಟಿಯಾಗಿದ್ದ ಬೆಲ್ಲ ಉದುರಿರಬಹುದು. ಹಾಗೆಂದೇ ಹೇಳಿಕೊಂಡಿದ್ದೇನೆ. ಮಳೆಗಾಲದಲ್ಲಿ ನೋಡಿದೆ, ಬೇಸಿಗೆಯಲ್ಲಿ ನೋಡಿದೆ, ಸಿಕ್ಕುವುದಿಲ್ಲ. ಇರುವೆಯೂ ಬರುವುದಿಲ್ಲ. ದುಗ್ಗಪ್ಪ ಹೋದದ್ದನ್ನು ಹೇಗೋ ತಡೆದುಕೊಂಡಿದ್ದೆ. ಪಾಯಸವನ್ನಾದರೂ ಬಿಟ್ಟು ಹೋಗಬಹುದಿತ್ತು.

ಈಗ ಯಾರೂ ಇಲ್ಲದಾಗ ಆ ಗುಂಡಿಯನ್ನು ನಡುವಿಗೆ ತಂದು, ನಾನೇ ನಿಲ್ಲಿಸಿ, ಎರಡು ಸಲ ಆಚೀಚೆ ಅಲುಗಿಸಿ ತಳ್ಳುತ್ತೇನೆ, ಶೃಂಗೇರಿಯ ಆ ಮನುಷ್ಯನ ಹಾಗೆ. ಬರುವುದಿಲ್ಲ.